ಅಸ್ಮಾಗೆ ಕೇಳದ ದನಿ

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಡೆದದ್ದು... ಈಗ ನೆನೆದರೂ ಮೈ ಜುಮ್ಮೆನ್ನುತ್ತೆ.

ಸುಲೋಚನಮ್ಮ ಅಲ್ಲಿನ ಅನೌನ್ಸರ್. "ಹರಪನಹಳ್ಳಿಗೆ ಹೋಗುವ ಬಸ್..." ಅಂತ ಅವರು ಮೈಕ್‌ನಲ್ಲಿ ಹೇಳಿದರೇನೇ ನಮಗೆಲ್ಲ ಬೆಳಗಾದ ಹಾಗೆ.

ಅವರಿಗೆ ಗಂಟಲಿನ ಆಪರೇಷನ್ ಆಯ್ತು... ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಮೈಕ್ ಮುಂದೆ ಬೇರೆಯವರು ಬಂದರು. ಸುಲೋಚನಮ್ಮನನ್ನು ಪಾಸ್ ಕೌಂಟರಿಗೆ ಹಾಕಿದರು. ತಲೆ ಎತ್ತದೆ ಕೆಲಸ ಮಾಡುತ್ತಿದ್ದರು.

ಅವರ ಪಕ್ಕದ ಮನೆಯ ಅಸ್ಮಾ ಸಾಫ್ಟ್‌ವೇರ್ ಬರೆಯುವ ಹುಡುಗಿ. ಹುಟ್ಟಿದಾಗಿನಿಂದ ಕಿವಿ ಕೇಳದು. ಸುಲೋಚನಮ್ಮನಿಗೆ ಕೈಸನ್ನೆಯ ಭಾಷೆ ಕಲಿಸಿದವಳು ಅವಳೇ.

ಒಂದು ದಿನ ಸುಲೋಚನಮ್ಮ ಸನ್ನೆಯಲ್ಲೇ ಹೇಳಿಕೊಂಡರಂತೆ... ನನ್ನ ದನಿ ಈಗ ಕನಸಿನಲ್ಲಿ ಮಾತ್ರ ಬರುತ್ತೆ ಅಂತ.

ಅಸ್ಮಾ ಬಸ್ ಸ್ಟ್ಯಾಂಡಿಗೆ ಹೋಗಿ ಅವರ ಹಳೆಯ ರೆಕಾರ್ಡಿಂಗ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದಳು.

ದನಿ ಅಂದರೆ ಅವಳಿಗೆ ಪರದೆ ಮೇಲಿನ ಅಲೆ, ಅಷ್ಟೇ. ಆ ಅಲೆಗಳನ್ನು ನೋಡಿ ನೋಡಿಯೇ ಒಂದೊಂದು ಅಕ್ಷರದ ಸದ್ದು ಬಿಡಿಸಿದಳು... ಸರಿ ಬಂತಾ ಅಂತ ಕೇಳಿ ಹೇಳುವುದು ಅವಳ ಅಮ್ಮಿಯ ಕೆಲಸ.

ಟೈಪ್ ಮಾಡಿದ್ದನ್ನು ಸುಲೋಚನಮ್ಮನ ದನಿಯಲ್ಲೇ ಹೇಳುವ ಪ್ರೋಗ್ರಾಂ ಸಿದ್ಧವಾಯಿತು.

ಇನ್ನೊಂದು ತೊಡಕಿತ್ತು. ಅಸ್ಮಾಳ ಕಂಪ್ಯೂಟರ್ ನಡೆಯುವುದು ಲಿನಕ್ಸ್ ಅನ್ನುವ ವ್ಯವಸ್ಥೆಯಲ್ಲಿ, ಪ್ರೋಗ್ರಾಂ ಓಡಬೇಕಾದ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಕಂಪ್ಯೂಟರ್ ವಿಂಡೋಸ್‌ನಲ್ಲಿ. ಇದರದ್ದು ಅದರಲ್ಲಿ ನಡೆಯದು.

ಅವಳು ಲಿನಕ್ಸ್‌ನಲ್ಲೇ ಕೂತು ವಿಂಡೋಸ್‌ಗೆ ಬೇಕಾದ ಫೈಲ್ ತಯಾರಿಸಿದಳು. ಅಲ್ಲಿ ಓಡುತ್ತೋ ಇಲ್ಲವೋ, ಅಲ್ಲಿಗೆ ಹೋದ ಮೇಲೇ ಗೊತ್ತಾಗಬೇಕು...

ಮೊದಲ ಸಲ ಬರೀ ಎರರ್ ಬಂತು. ಸಾಕು ಬಿಡು ಮಗಳೇ ಅಂತ ಸುಲೋಚನಮ್ಮ ಸನ್ನೆ ಮಾಡಿದರು. ಅಸ್ಮಾ ಆ ಎರರ್‌ನ ಫೋಟೊ ತೆಗೆದುಕೊಂಡು ಹೋದಳು. ಸರಿಮಾಡಿಕೊಂಡು ಮತ್ತೆ ಬಂದಳು.

ಈ ಸಲ ಪ್ರೋಗ್ರಾಂ ತೆರೆಯಿತು. ಸುಲೋಚನಮ್ಮ ಟೈಪ್ ಮಾಡಿದರು.

"ಪ್ರಯಾಣಿಕರೆಲ್ಲರಿಗೂ ನಮಸ್ಕಾರ. ನಾನು ಸುಲೋಚನಾ..."

ಅಸ್ಮಾಗೆ ಏನೂ ಕೇಳಿಸಲಿಲ್ಲ. ಕಿಟಕಿಯಾಚೆ ನೋಡಿದಳು.

ಬಸ್ಸಿಗೆ ಓಡುತ್ತಿದ್ದವರು ನಿಂತುಬಿಟ್ಟಿದ್ದರು. ಹೂ ಮಾರುವಾಕೆ ಸ್ಪೀಕರ್ ಕಡೆ ತಲೆಯೆತ್ತಿ ಕೈ ಮುಗಿದಳು. ಕಂಡಕ್ಟರ್ ಒಬ್ಬರು ಕಣ್ಣೊರೆಸಿಕೊಂಡರು.

ಅಷ್ಟೂ ಮುಖಗಳಲ್ಲಿ ಅವಳು ಆ ದನಿಯನ್ನು ನೋಡಿದಳು...

ಸುಲೋಚನಮ್ಮ ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು.

ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬರು ಒಂದು ಹಳೇ ಟಿಕೆಟ್ ಹಿಂದೆ ಬರೆದು ಕೇಳಿದರು. "ನಿನಗೇ ಕೇಳದ ದನಿಗೆ ಇಷ್ಟೊಂದು ಕಷ್ಟ ಯಾಕಮ್ಮ?"

ಅಸ್ಮಾ ಕೆಳಗೆ ಬರೆದಳು. "ನನ್ನ ಹತ್ರ ವಿಂಡೋಸೂ ಇಲ್ಲ ಸರ್. ಇಲ್ಲಿನವರ ಹತ್ರ ಅದೂ ಇದೆ, ಕೇಳುವ ಕಿವಿಯೂ ಇದೆಯಲ್ಲ."

ತನಗೆ ದಕ್ಕದ್ದನ್ನು ಇನ್ನೊಬ್ಬರಿಗೆ ಕಟ್ಟಿಕೊಡುವುದೇ ದೊಡ್ಡ ವಿದ್ಯೆ.

ನಮಗೇನೂ ಸಿಗದಿದ್ದರೂ ಇನ್ನೊಬ್ಬರಿಗಾಗಿ ಮಾಡಿದ್ದು ಅಂತ, ನಮ್ಮ ಬದುಕಲ್ಲಿ ಒಂದಾದರೂ ಇದೆಯಾ...?