ಅತ್ತೆಯ ನಡಿಗೆ

"ಆ ತುದಿ ಹಿಡ್ಕೋ," ಎಂದಳು ಅತ್ತೆ, ತಲೆಯೆತ್ತದೆ.

ಬಾಗಿಲಲ್ಲಿ ನಿಂತಿದ್ದವಳು ಚೀಲವನ್ನು ಮೂಲೆಗಿಟ್ಟು, ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಳು. ಈ ಲಾಂಡ್ರಿಗೆ ಬಂದವರಿಗೆ ಮೊದಲು ಸಿಗುವುದು ಕೆಲಸ, ಆಮೇಲೆ ಕುರ್ಚಿ. ಇಲ್ಲೇ ಬೆಳೆದವಳಿಗೆ ಅದು ಹೊಸದಲ್ಲ. ಆದರೆ ಅತ್ತೆಯ ಅಣ್ಣನ ಮಗನಾಗಿ ಇಲ್ಲಿಂದ ಹೋದ ತಾನು ಹೆಣ್ಣಾಗಿ ಬಂದು ನಿಂತದ್ದನ್ನು ಆಕೆ ಹೇಗೆ ತೆಗೆದುಕೊಳ್ಳುತ್ತಾಳೋ! ಫೋನಿನಲ್ಲಿ ಎಲ್ಲ ಹೇಳಿದಾಗ, "ಹೂಂ, ಒಂದ್ಸಲ ಬಾ, ನೋಡೋಣ," ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು.

ಇಬ್ಬರೂ ಬಟ್ಟೆಯನ್ನು ಬಿಗಿಹಿಡಿದು ಒದರಿದರು. ತುದಿಗೆ ತುದಿ ಕೂಡಿಸಲು ಅವಳು ಅತ್ತೆಯತ್ತ ನಡೆದಳು, ಎಡಗಾಲನ್ನು ತುಸು ಎಳೆದು, ಸೊಂಟವನ್ನು ಬಲಕ್ಕೆ ವಾಲಿಸಿ.

ಅತ್ತೆಯ ಕೈ ನಿಂತಿತು. "ಕಾಲಿಗೇನಾಯ್ತು?"

"ಏನಿಲ್ಲ ಅತ್ತೆ."

"ಏನಿಲ್ದೆ ಯಾರಾದ್ರೂ ಹಂಗೆ ಕುಂಟ್ತಾರಾ? ಹಿಂದಕ್ಕೆ ಹೋಗು. ಇನ್ನೊಂದ್ಸಲ ಬಾ."

ಅವಳು ಹೋದಳು, ಬಂದಳು. ಅತ್ತೆ ಬೆಂಚಿನ ಮೇಲೆ ಕುಸಿದಳು. "ಅಯ್ಯೋ ದೇವರೇ! ಇದು ನನ್ನ ನಡಿಗೆ!"

ಅವಳು ಮುಖ ತಗ್ಗಿಸಿದಳು. "ಹೆಂಗಸರು ಅಂದ್ರೆ ಹೀಗೇ ನಡೀಬೇಕು ಅಂದ್ಕೊಂಡಿದ್ದೆ. ನೀನು ಮಾಳಿಗೆ ಮೇಲೆ ಬಟ್ಟೆ ಹರವೋವಾಗ ಹಿಂದೆ ಹಿಂದೇನೇ ನಡೆದು ಕಲಿತೆ. ಅಪ್ಪ 'ನೆಟ್ಟಗೆ ನಡಿಯೋ' ಅಂತ ಗದರಿದ ಮೇಲೆ ಬಿಟ್ಟಿದ್ದೆ. ನಾನು ನಾನಾದ ಮೇಲೆ ತಾನಾಗೇ ವಾಪಸ್ ಬಂತು."

"ಹುಚ್ಚಿ! ಅದು ಮಂಡಿನೋವು ಕಣೇ! ಬಟ್ಟೆ ಮೂಟೆ ಹೊತ್ಕೊಂಡು ಮೆಟ್ಟಿಲ ಮೇಲೆ ಬಿದ್ದಿದ್ದೆ." ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೀದಿ ತುಂಬ ಹೆಂಗಸರಿದ್ರು. ನೋಡಿ ಕಲಿಯೋಕೆ ಈ ಕುಂಟಕ್ಕನೇ ಬೇಕಿತ್ತಾ?"

"ನಂಗೆ ನೀನೊಬ್ಬಳೇ ಕಾಣ್ತಿದ್ದಿದ್ದು."

ಅತ್ತೆಯ ನಗು ಇಳಿಯಿತು. ಪ್ರಾರ್ಥನೆಗೆ ಕೂತವಳಂತೆ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಎದ್ದು, ಸರಸರನೆ ಬಂದು ಅವಳ ಕೆನ್ನೆ ಸವರಿದಳು.

"ಅತ್ತೆ! ನೀನೀಗ ನೆಟ್ಟಗೆ ನಡೀತೀಯ!"

"ಹೋದ ವರ್ಷ ಮಂಡಿ ಆಪರೇಷನ್ ಆಯ್ತಲ್ಲ. ಇನ್ನು ಈ ಕುಂಟು ನಮ್ಮ ಮನೇಲಿ ಯಾರಿಗೂ ಬೇಡಪ್ಪಾ ಅಂತ ದೇವರ ಹತ್ರ ಬೇಡ್ಕೊಂಡೆ. ಆತ ಮೊದಲೇ ನಿನ್ನ ಹತ್ರ ಕೊಟ್ಟಿಟ್ಟಿದ್ದ ನೋಡು!"

ಅಷ್ಟರಲ್ಲಿ ಇಸ್ತ್ರಿಯವನು ಹಿತ್ತಲಿಂದ ಬಟ್ಟೆಯ ರಾಶಿ ಹೊತ್ತು ಒಳಬಂದು, ಹೊಸ ಮುಖ ಕಂಡು ಹುಬ್ಬೇರಿಸಿದ. "ಯಾರಕ್ಕಾ ಇವರು?"

"ನಮ್ಮಣ್ಣನ ಮಗಳು," ಎಂದು ಅತ್ತೆ ಮುಂದಿನ ಬೆಡ್‌ಶೀಟಿನ ತುದಿಯನ್ನು ಅವಳತ್ತ ಎಸೆದಳು.

ಇಬ್ಬರೂ ದೂರ ಸರಿದು ಅದನ್ನು ಒದರಿದರು. ಮಡಿಸಲು ಅವಳು ಈ ಕಡೆಯಿಂದ ಕುಂಟುತ್ತ ಹೊರಟಳು. ಆ ಕಡೆಯಿಂದ ಅತ್ತೆಯೂ, ವಾಸಿಯಾದ ಕಾಲನ್ನು ತುಸು ಎಳೆಯುತ್ತ, ಸೊಂಟವನ್ನು ಬಲಕ್ಕೆ ವಾಲಿಸುತ್ತ, ಎದುರಿಗೆ ಬಂದಳು.