ಬಾಯ್ಲರ್ ಹನುಮಯ್ಯನ ಕಾಲು

“ಬಲೂನಾ?” ಎಂದ ಹನುಮಯ್ಯ, ಬಂದ ನಗುವನ್ನು ಮೀಸೆಯಲ್ಲೇ ತಡೆದುಕೊಂಡು. “ಕಾಲಿನ ರಕ್ತನಾಳಕ್ಕೆ ಬಲೂನು ಊದ್ತೀರಾ ಡಾಕ್ಟ್ರಮ್ಮ?”

ಡಾಕ್ಟರ್ ಊರ್ಮಿಳಾ ಎಕ್ಸ್‌ರೇ ಹಾಳೆಯ ಮೇಲೆ ಬೆರಳಿಟ್ಟರು. ಎಡತೊಡೆಯ ನಾಳ ಒಂದು ಕಡೆ ಕಟ್ಟಿಕೊಂಡು ನೂಲಿನಷ್ಟಾಗಿತ್ತು. ತೊಡೆಸಂದಿಯಲ್ಲಿ ಸೂಜಿಯಷ್ಟು ತೂತು ಮಾಡಿ, ತಂತಿಯ ಮೇಲೆ ಪುಟ್ಟ ಬಲೂನು ಕಳಿಸಿ, ಅಲ್ಲಿ ಉಬ್ಬಿಸಿ ದಾರಿ ಅಗಲ ಮಾಡುವುದು, ಎರಡೇ ದಿನದಲ್ಲಿ ಮನೆಗೆ ಹೋಗಬಹುದು ಎಂದರು. ಹೀಗೇ ಬಿಟ್ಟರೆ ಮಾತ್ರ ಪಾದ ಉಳಿಯುವುದು ಕಷ್ಟ, ಹೆಬ್ಬೆರಳು ಆಗಲೇ ಕಪ್ಪಗಾಗುತ್ತಿದೆ ಎಂದೂ ಹೇಳಿದರು.

ಹನುಮಯ್ಯ ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುವವನು. ಕೊಳವೆಯ ವಿಷಯದಲ್ಲಿ ಅವನಿಗೆ ಬುದ್ಧಿ ಹೇಳಲು ಮ್ಯಾನೇಜರೇ ಹಿಂದೆಮುಂದೆ ನೋಡುತ್ತಿದ್ದರು. ಇನ್ನು ಮಗಳ ವಯಸ್ಸಿನ ಈ ಡಾಕ್ಟರು ಹೇಳಿದರೆ ತಲೆಯಾಡಿಸಿ ಕೂರುವ ಆಸಾಮಿಯೇ ಅವನು? ಕಾಲು ಹೋಗುವ ಭಯವೂ ಇತ್ತು. ಅದಕ್ಕೇ ದನಿ ಇನ್ನಷ್ಟು ಜೋರಾಯಿತು.

“ಕಟ್ಕೊಂಡಿದ್ದನ್ನ ನಾಳದ ಗೋಡೆಗೆ ಒತ್ತಿಬಿಟ್ರೆ ಆಯ್ತಾ? ನಮ್ ಬಾಯ್ಲರ್ ಟ್ಯೂಬ್‌ನಾಗೆ ಉಪ್ಪು ಕಟ್ಕೊಂಡ್ರೆ ಬ್ರಷ್ ಆಕಿ ಕೆರೆದು ತೆಗೀತೀವಿ. ಒತ್ತೋದು ಸೋಮಾರಿ ಕೆಲ್ಸ.”

“ಕೆರೆಯೋದೂ ಇದೆ. ಒಳಗೆ ಪುಟ್ಟ ಬ್ಲೇಡು ಕಳಿಸಿ ಕೆರೀತಾರೆ. ಹೊರದೇಶದಲ್ಲಿ ಮಾಡ್ತಾರೆ, ನಮ್ಮ ಆಸ್ಪತ್ರೆಗಿನ್ನೂ ಬಂದಿಲ್ಲ.”

“ಬರ್ಲಿ, ಕಾಯ್ತೀನಿ.”

“ಬೆರಳು ಕಾಯ್ತದಾ ಕೇಳಿ,” ಎಂದಳು ಪಕ್ಕದಲ್ಲಿದ್ದ ಹೆಂಡತಿ ಅನುಸೂಯಮ್ಮ.

ಡಾಕ್ಟರಿಗೆ ನಗು ಬಂತು. “ಅದಿರ್ಲಿ ಹನುಮಯ್ಯ, ನೀವು ಕೆರೆದ ಉಪ್ಪು ಎಲ್ಲಿಗೆ ಹೋಗುತ್ತೆ?”

“ಕೆಳಗಡೆ ವಾಲ್ವ್ ಐತಲ್ಲ. ತೆಗೆದ್ರೆ ಚರಂಡಿಗೆ ಓಯ್ತದೆ.”

“ನಿಮ್ಮ ಕಾಲಿನ ವಾಲ್ವ್ ಎಲ್ಲಿದೆ, ತೋರ್ಸಿ ನೋಡೋಣ.”

ಹನುಮಯ್ಯ ಬಗ್ಗಿ ಪಾದ ನೋಡಿಕೊಂಡ. ಐದು ಬೆರಳು, ಅಲ್ಲಿಂದ ಮುಂದೆ ದಾರಿಯಿಲ್ಲ. ಕೆರೆದ ಚೂರು ಜಾರಿ ಬಂದರೆ ಇಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆದರೂ ಸೋಲೊಪ್ಪಲು ಮನಸ್ಸು ಬಾರದೆ, “ಟ್ಯೂಬಿಗೆ ಆಸಿಡ್ ಬಿಟ್ಟಂಗೆ ಔಷ್ದಿ ಬಿಟ್ಟು ಕರಗ್ಸೋಕಾಗಲ್ವಾ?” ಎಂದ.

“ಹೊಸದಾಗಿ ಹೆಪ್ಪುಗಟ್ಟಿದ ರಕ್ತವಾದ್ರೆ ಕರಗುತ್ತೆ. ನಿಮ್ಮದು ವರ್ಷಗಟ್ಟಲೆ ಬೀಡಿ ಸೇದಿ ಕಟ್ಟಿದ್ದು.”

“ಬಾಯ್ಲರ್‌ಗೆ ಒಂದ್ ತೊಟ್ಟು ಬೋರ್ ನೀರನ್ನೂ ಶುದ್ಧ ಮಾಡ್ದೆ ಬಿಡಲ್ಲ ಇವ್ರು,” ಎಂದಳು ಅನುಸೂಯಮ್ಮ. “ತಮ್ಮೊಳಕ್ಕೆ ಮಾತ್ರ ದಿನಕ್ಕೆ ಎರಡು ಕಟ್ಟು ಬೀಡಿ.”

ಹನುಮಯ್ಯ ಜೇಬಿನ ಬೀಡಿ ಕಟ್ಟಿನ ಮೇಲೆ ಕೈಮುಚ್ಚಿಕೊಂಡು, “ಬಲೂನೇ ಆಗ್ಲಿ ಬುಡಿ,” ಎಂದ.

ಮಂಗಳವಾರ ಅವನನ್ನು ಮೇಜಿನ ಮೇಲೆ ಮಲಗಿಸಿದರು. ಮರಗಟ್ಟಿಸಿದ್ದು ತೊಡೆಸಂದಿಯನ್ನಷ್ಟೇ, ಬಾಯಿಯನ್ನಲ್ಲ. ಬಲೂನು ಉಬ್ಬಿಸುವ ಪಂಪಿಗೆ ಪ್ರೆಶರ್ ಗೇಜು ಇರುವುದು ಕಣ್ಣಿಗೆ ಬಿದ್ದದ್ದೇ ತಡ, ಅವನ ಅರ್ಧ ಹೆದರಿಕೆ ಇಳಿದುಹೋಯಿತು. ಮುಳ್ಳು ಎರಡಕ್ಕೆ ಬಂತು, ನಾಲ್ಕಕ್ಕೆ ಬಂತು.

“ನಿಧಾನಕ್ಕೆ ಏರ್ಸಿ ಡಾಕ್ಟ್ರಮ್ಮ.”

“ಸುಮ್ನಿರಿ ಹನುಮಯ್ಯ.”

ಆರಕ್ಕೆ ಬಂದಾಗ ಕಾಲು ಜೋರಾಗಿ ಸೆಳೆಯಿತು. ಆಮೇಲೆ ಬಲೂನು ಇಳಿಸಿದರು. ವರ್ಷದಿಂದ ತಣ್ಣಗೆ ಬಿದ್ದಿದ್ದ ಪಾದಕ್ಕೆ ಮೆಲ್ಲಗೆ ಬಿಸಿ ಇಳಿಯತೊಡಗಿತು. ಹನುಮಯ್ಯನಿಗೆ ಅಳು ಬಂತು, ಮಗಳ ವಯಸ್ಸಿನವಳ ಎದುರು ಅತ್ತುಬಿಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಡಾಕ್ಟರು ಪರದೆ ನೋಡುತ್ತಾ, “ಚೆನ್ನಾಗಿ ಬಿಟ್ಕೊಂಡಿದೆ. ಇನ್ನೊಂದ್ಸಲ ಸ್ವಲ್ಪ ಜಾಸ್ತಿ ಪ್ರೆಶರ್ ಕೊಡೋಣ,” ಎಂದರು.

ಹನುಮಯ್ಯ ಗೇಜಿನಿಂದ ಕಣ್ಣು ತೆಗೆಯದೆ ತಗ್ಗಿದ ದನಿಯಲ್ಲಿ ಹೇಳಿದ:

“ಆರು ದಾಟಿಸ್ಬೇಡಿ ಡಾಕ್ಟ್ರಮ್ಮ. ಟ್ಯೂಬು ಐವತ್ತು ವರ್ಷದ್ದು. ನಾನು ಒಂದು ದಿನಾನೂ ನೋಡ್ಕೊಂಡಿಲ್ಲ.”