ಹೆಚ್ಚುವರಿ ಕೋಣೆ

ಕೋಣೆ ಹಂಚಿಕೆ ಕಾಯ್ದೆ ಬಂದು ಮೂರು ವರ್ಷವಾಗಿತ್ತು. ಯಾರೂ ಮಲಗದ ಕೋಣೆ ಮನೆಯಲ್ಲಿದ್ದರೆ ಅದು ಸೂರಿಲ್ಲದ ಕುಟುಂಬಕ್ಕೆ ಹೋಗಬೇಕು. ಹಾಗಾಗಿ ದೊಡ್ಡ ಮನೆಗಳ ಬಡಾವಣೆಯೊಂದರಲ್ಲಿ ಗಾರೆ ಕೆಲಸದ ಮರಿಸ್ವಾಮಿಗೆ ಬಿಡುವೇ ಇರಲಿಲ್ಲ.

ಈ ಸಲ ಕರೆಸಿದವರು ನಿವೃತ್ತ ಅಧ್ಯಾಪಕಿ ಸುಲೋಚನಾ. ಇದೇ ಕಾಯ್ದೆಗಾಗಿ ಅವರು ಟೌನ್‌ಹಾಲ್ ಮುಂದೆ ಒಂಬತ್ತು ದಿನ ಉಪವಾಸ ಕೂತಿದ್ದರು. ಮರಿಸ್ವಾಮಿ ದಂಪತಿ ಜನರ ನಡುವೆ ನಿಂತು ಚಪ್ಪಾಳೆ ತಟ್ಟಿದ್ದರು.

"ಈ ಬಾಗಿಲು ಕಿತ್ತು ಗೋಡೆ ಎಬ್ಬಿಸಪ್ಪಾ. ಸೋಮವಾರ ತಪಾಸಣೆಯವರು ಬರ್ತಾರೆ."

ಮರಿಸ್ವಾಮಿ ಒಳಗೆ ಇಣುಕಿದ. ಗಾಳಿ, ಬೆಳಕು ಚೆನ್ನಾಗಿದ್ದವು. "ಯಾರ ರೂಮು ಮೇಡಂ ಇದು?"

"ಯಾರದೂ ಅಲ್ಲ, ಹಳೇ ಪುಸ್ತಕ ಇಟ್ಟಿದೀನಿ. ಕಾಯ್ದೆ ಒಳ್ಳೇದೇ ಕಣಪ್ಪಾ. ಆದ್ರೆ ಮನೆಯೊಳಗೆ ಬೇರೆಯವರು ಓಡಾಡೋದು ನನಗೆ ಆಗಲ್ಲ."

"ನಾವೂ ಅರ್ಜಿ ಹಾಕಿ ಮೂರು ವರ್ಷ ಆಯ್ತು ಮೇಡಂ. ಶೆಡ್ಡಲ್ಲಿ ಐದು ಜನ ಇದೀವಿ. ಊರಲ್ಲಿ ರೂಮೇ ಇಲ್ಲ ಅಂತಾರೆ ಆಫೀಸಲ್ಲಿ."

ಸುಲೋಚನಾ ಕಾಫಿ ತರಲು ಒಳಗೆ ಹೋದರು.

ಸೋಮವಾರ ಮರಿಸ್ವಾಮಿ ಕೊನೆಯ ಕೋಟ್ ಬಣ್ಣ ಬಳಿಯುತ್ತಿದ್ದಾಗಲೇ ತಪಾಸಣಾಧಿಕಾರಿ ಬಂದರು. "ಇದರ ಹಿಂದೆ ಏನಿದೆ?" ಎಂದು ಅವನನ್ನೇ ಕೇಳಿದರು.

ನಿಜ ಹೇಳಿದರೆ ಆ ಕೋಣೆ ಯಾರಿಗೋ ಹೋಗುತ್ತದೆ, ತನ್ನನ್ನು ಮಾತ್ರ ಇಡೀ ಬಡಾವಣೆಯಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂದು ಮರಿಸ್ವಾಮಿಗೆ ಗೊತ್ತಿತ್ತು.

"ಏನಿಲ್ಲ ಸಾರ್, ಪಕ್ಕದ ಮನೆ."

ಅಧಿಕಾರಿ ಸಹಿ ಹಾಕಿ ಹೊರಟರು. ಗೇಟಿನ ಬಳಿ ಮರಿಸ್ವಾಮಿಯನ್ನು ಕರೆದು, ದನಿ ತಗ್ಗಿಸಿ ಹೇಳಿದರು:

"ಒಳ್ಳೇ ಕೈ ಕಣಯ್ಯಾ ನಿಂದು. ಭಾನುವಾರ ನಮ್ಮನೆಗೂ ಬಾ. ಎರಡು ರೂಮಿವೆ."